ಬಿಸಿಲಿನ ಊರಲ್ಲಿ ಮೆತ್ತಗಾದ ಮೂಳೆ

ಅಹಮದಾಬಾದಿನ ಬೋಪಾಲ್ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಅವತ್ತು ಲಿಫ್ಟ್ ಕೆಟ್ಟಿತ್ತು. ಬ್ಯಾಂಕಿನಿಂದ ಬಂದ ಸುಲೋಚನಾ ಮೆಟ್ಟಿಲು ಹತ್ತಲಾಗದೆ ಎರಡನೇ ಮಹಡಿಯಲ್ಲೇ ಕೂತುಬಿಟ್ಟರು. ಏಳಲು ನೋಡಿದರೆ ತೊಡೆಯಲ್ಲಿ ಶಕ್ತಿಯಿಲ್ಲ, ಸೊಂಟದಲ್ಲಿ ನೋವು. ವಯಸ್ಸು ಇನ್ನೂ ನಲವತ್ತೆರಡು.

ಪಕ್ಕದ ಮನೆಯ ಗಿರಿಜಾ ಬಂದು ಜೊತೆಗೆ ಕೂತರು. ದಾವಣಗೆರೆಯವರು, ಮೂವತ್ತು ವರ್ಷ ನರ್ಸ್ ಆಗಿ ದುಡಿದವರು.

“ಎಷ್ಟು ದಿನದಿಂದ ಹೀಗೆ?”

“ವರ್ಷ ಆಯ್ತು ಗಿರಿಜಕ್ಕ. ನೋವಿನ ಮಾತ್ರೆ ತಗೋತಿದೀನಿ.”

“ಮೈಗೆ ಬಿಸಿಲು ಬೀಳುತ್ತಾ?”

“ಎಲ್ಲಿ ಅಕ್ಕ? ಮನೇಲೂ ಎಸಿ, ಬ್ಯಾಂಕಲ್ಲೂ ಎಸಿ. ಸ್ಕೂಟರ್ ಹತ್ತಿದ್ರೆ ಮುಖಕ್ಕೆ ದುಪಟ್ಟಾ, ಕೈಗೆ ಗ್ಲೌಸು.”

ಸುಲೋಚನಾ ಅವರನ್ನು ಗಿರಿಜಾ ಮೆಟ್ಟಿಲು ಹತ್ತಲು ಬಿಡಲಿಲ್ಲ. ಲಿಫ್ಟ್ ಸರಿಹೋಗುವವರೆಗೆ ಎರಡು ಗಂಟೆ ಇಬ್ಬರೂ ಅಲ್ಲೇ ಕೂತರು. ಅಷ್ಟರಲ್ಲಿ ಸುಲೋಚನಾ ಅವರ ಗಂಡ ಗಿರಿಧರ ಬಂದರು.

“ಬರೀ ವಾಯು ಮೇಡಂ. ಅಹಮದಾಬಾದಲ್ಲಿ ಬಿಸಿಲಿಗೆ ಬರವಾ? ನಮ್ಮ ಹಾಲ್ ತುಂಬಾ ಬಿಸಿಲೇ.”

“ಕಿಟಕಿ ಗಾಜಿನ ಒಳಗಿಂದ ಬಂದ ಬಿಸಿಲಿಂದ ವಿಟಮಿನ್ ಡಿ ಸಿಗಲ್ಲ. ಅದಿಲ್ದಿದ್ರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲ್ಲ, ದೊಡ್ಡವರ ಮೂಳೆನೂ ಮೆತ್ತಗಾಗುತ್ತೆ. ಇವಳಿಗೂ ಅದೇ ಆಗಿದೆ ಅಂತ ನಾನು ಹೇಳಲ್ಲ. ರಕ್ತ ಪರೀಕ್ಷೆ ಮಾಡಿಸೋಣ.”

ಮರುದಿನ ಬೆಳಿಗ್ಗೆ ಗಿರಿಜಾ ಆಟೋ ಹಿಡಿದು ಗೇಟಿನಲ್ಲಿ ಕಾಯುತ್ತಿದ್ದರು. ಪರೀಕ್ಷೆಯಲ್ಲಿ ವಿಟಮಿನ್ ಡಿ ತೀರಾ ಕಡಿಮೆ ಇತ್ತು. ಎಕ್ಸ್‌ರೇಯಲ್ಲಿ ಸೊಂಟದ ಮೂಳೆಯಲ್ಲೊಂದು ಸಣ್ಣ ಬಿರುಕು. “ಇನ್ನೂ ಬಿಟ್ಟಿದ್ದರೆ ಮುರಿಯುತ್ತಿತ್ತು,” ಎಂದರು ಡಾಕ್ಟರು. ಜೊತೆಗೆ ಬಂದಿದ್ದ ಗಿರಿಧರ ಆ ಎಕ್ಸ್‌ರೇಯನ್ನು ಕೈಗೆತ್ತಿಕೊಂಡು ನೋಡಿದರು.

ವಾರಕ್ಕೊಂದು ವಿಟಮಿನ್ ಡಿ ಗುಳಿಗೆ, ದಿನಕ್ಕೊಂದು ಕ್ಯಾಲ್ಸಿಯಂ ಮಾತ್ರೆ, ಕೆಲವು ವಾರ ವಿಶ್ರಾಂತಿ. ಮೂರನೇ ವಾರಕ್ಕೇ ಸುಲೋಚನಾಗೆ ಆತುರವಾಯಿತು.

“ವಾರದ ಗುಳಿಗೆನ ದಿನಾ ತಗೊಂಡ್ರೆ ಬೇಗ ವಾಸಿಯಾಗಲ್ವಾ ಅಕ್ಕ?”

“ಬೇಡ. ಹೆಚ್ಚಾದ್ರೆ ಕಿಡ್ನಿಗೆ ಪೆಟ್ಟು. ಡಾಕ್ಟರು ಬರ್ಕೊಟ್ಟಷ್ಟೇ.”

ಆಮೇಲೆ ಪ್ರತಿ ಭಾನುವಾರ ಗಿರಿಜಾ ಬಂದು, ಗುಳಿಗೆ ನುಂಗಿಸಿಯೇ ಹೋಗುತ್ತಿದ್ದರು. ಯಾರೂ ಕೇಳಿಕೊಂಡಿರಲಿಲ್ಲ. ಐದನೇ ತಿಂಗಳು ಸುಲೋಚನಾ ಪೂಜೆಗೆಂದು ನೆಲದ ಮೇಲೆ ಕೂತು, ಯಾರ ಕೈಯೂ ಹಿಡಿಯದೆ ಎದ್ದರು. ಗಿರಿಧರ ನೋಡಿ ಕಣ್ಣೊರೆಸಿಕೊಂಡರು. “ನಾನು ಅವಳ ಮಾತು ಕಿವಿಗೇ ಹಾಕ್ಕೊಂಡಿರಲಿಲ್ಲ ಮೇಡಂ. ನೀವು ಹಾಕ್ಕೊಂಡ್ರಿ,” ಎಂದರು. ಈಗ ಗಂಡ ಹೆಂಡತಿ ಇಬ್ಬರೂ ಮುಖ, ತೋಳು ಮುಚ್ಚಿಕೊಳ್ಳದೆ ಬೆಳಗಿನ ಬಿಸಿಲಲ್ಲಿ ಸ್ವಲ್ಪ ಹೊತ್ತು ನಡೆಯುತ್ತಾರೆ.

ನಿಮ್ಮ ಮನೆಯಲ್ಲೂ ಯಾರಾದರೂ ತಿಂಗಳುಗಟ್ಟಲೆ ಮೂಳೆ ನೋವು ಅನ್ನುತ್ತಿದ್ದಾರಾ? ಕೂತಲ್ಲಿಂದ ಏಳಲು ಕಷ್ಟಪಡುತ್ತಿದ್ದಾರಾ? ವಯಸ್ಸಾಯಿತು ಎಂದು ಸುಮ್ಮನಿರಬೇಡಿ. ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಒಬ್ಬರೇ ಕಳಿಸಬೇಡಿ, ನೀವೂ ಜೊತೆಗೆ ಹೋಗಿ.