ಜೀವಂತ ಪ್ರಮಾಣಪತ್ರ

ನವೆಂಬರ್ ಬಂತೆಂದರೆ ಬಸವೇಶ್ವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ತಾನು ಬದುಕಿದ್ದೇನೆಂದು ಸರ್ಕಾರಕ್ಕೆ ತೋರಿಸಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಗೋಗಿಯ ದವಾಖಾನೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿ ದುಡಿದು, ನಿವೃತ್ತಿಯಾದ ಮೇಲೆ ಮಸ್ಕತ್ತಿನ ಮಗಳ ಮನೆ ಸೇರಿದವಳು ಆಕೆ. ಈ ಸಲ ಪಿಂಚಣಿ ಕಚೇರಿಯವರು ವಿಡಿಯೋ ಕಾಲ್ ಸಾಕೆಂದರು. ಹಣೆ ತುಂಬ ವಿಭೂತಿ ಹಚ್ಚಿ, ಇಳಕಲ್ ಸೀರೆಯುಟ್ಟು, ಮದುವೆಗೆ ಹೊರಟವಳಂತೆ ಫೋನಿನ ಮುಂದೆ ಕೂತಳು.

ಶಹಾಪುರದ ಕಚೇರಿಯಲ್ಲಿದ್ದ ಗುಮಾಸ್ತ ಹಳೆಯ ಫೋಟೋವನ್ನೂ ಅವಳ ಮುಖವನ್ನೂ ಮತ್ತೆ ಮತ್ತೆ ನೋಡಿದ.

“ಫೋಟೋದಾಗ ಮುಖ ಬ್ಯಾರೆನ ಕಾಣ್ತದ್ರಿ ಅಮ್ಮಾ. ಇವರು ನೀವೇ ಅಂತ ನಾ ಹ್ಯಾಂಗ ಬರೀಲಿ?”

ಗುರುತಿಲ್ಲದವರು ಎದುರಾದರೆ ಊರಲ್ಲಿ ಎಲ್ಲರೂ ಮೊದಲು ಕೇಳುವುದನ್ನೇ ಬಸವೇಶ್ವರಿ ಕೇಳಿದಳು. “ಅದಿರ್ಲಿ. ಯಾವೂರು ನಿಂದು? ಯಾರ ಮಗ ನೀ?”

“ಗೋಗಿ ರೀ. ಹಣಮಂತ್ರಾಯನ ಮಗ, ಅಂಬರೀಶ.”

“ಅಂದ್ರ ನಮ್ಮ ಅಂಬವ್ವನ ಮಗ!” ಬಸವೇಶ್ವರಿ ಫೋನಿಗೆ ಮುಖ ಹತ್ತಿರ ತಂದಳು. “ಕಾಲು ಮುಂದಾಗಿ ಹುಟ್ಟಿದ್ದಿ. ಮೈಯೆಲ್ಲಾ ನೀಲಿ, ಅಳಲೇ ಇಲ್ಲ. ನಿಮ್ಮಜ್ಜಿ ಬಾಯಿ ಬಡ್ಕೊಳ್ಳಾಕತ್ತಿದ್ಲು. ತಲಿಕೆಳಗ ಹಿಡಿದು ಕುಂಡಿಗೆ ಎರಡು ಬಿಟ್ಟೆ ನೋಡು, ಆಮ್ಯಾಲ ಅತ್ತಿ.”

ಅಂಬರೀಶ ಕುರ್ಚಿ ಬಿಟ್ಟು ಎದ್ದು ನಿಂತ. “ಅವ್ವ ಈಗ್ಲೂ ಹೇಳ್ತಾಳ್ರಿ ಅದನ್ನ. ಆ ಸಿಸ್ಟರ್ ನೀವೇನ್ರಿ?”

“ನಾನೇ. ನೀ ಜೀವಂತ ಅದಿ ಅಂತ ಸರ್ಕಾರದ ಪುಸ್ತಕದಾಗ ಮೊದಲು ಬರದಾಕಿನೂ ನಾನೇ. ಈಗ ನಂದು ನೀ ಬರಿ.”