ಗಂಗು ಎತ್ತಿದ ಪೊಟ್ಟಣ

ರಾಯಲ್ಪಾಡಿನಿಂದ ಎರಡು ಮೈಲಿ ಆಚೆ, ಮಾವಿನ ತೋಪಿನ ಅಂಚಿಗಿದ್ದ ಕೋದಂಡರಾಮಪ್ಪನ ಮನೆಯಲ್ಲಿ ದೊಡ್ಡ ದೊಡ್ಡ ತೀರ್ಮಾನಗಳನ್ನೆಲ್ಲ ಮಾಡುತ್ತಿದ್ದವಳು ಅವನ ಆರು ವರ್ಷದ ಮೊಮ್ಮಗಳು ಗಂಗು. ನಗಬೇಡಿ. ಬಾವಿ ತೋಡಿಸಬಹುದೋ ಬಾರದೋ, ಸೀಮೆಹಸು ತರಬೇಕೋ ಬೇಡವೋ, ಹಿತ್ತಲ ಹುಣಸೆಮರ ಕಡಿಸಬಹುದೋ ಇಲ್ಲವೋ, ಎಲ್ಲಕ್ಕೂ ಆ ಹುಡುಗಿಯ ಕೈಯೇ ಕೊನೆ. ಹಾಗಂತ ಅವಳನ್ನು ಕೂರಿಸಿಕೊಂಡು ನಿನಗೇನನ್ನಿಸುತ್ತೆ ಮಗಾ ಎಂದು ಯಾರೂ ಕೇಳಿದ್ದಿಲ್ಲ. ರಾತ್ರಿ ಊಟಕ್ಕೆ ಮುದ್ದೆ ಬೇಡ, ಅನ್ನ ಬೇಕು ಎಂದರೂ ಅವಳಿಗೆ ಬೈಗುಳವೇ ಸಿಗುತ್ತಿತ್ತು.

ಆ ಮನೆಯ ಪದ್ಧತಿ ಹೀಗೆ. ಯಾವುದಾದರೂ ವಿಷಯದಲ್ಲಿ ಮನಸ್ಸು ಎರಡಾದರೆ ಅಜ್ಜಿ ದೊಡ್ಡಗಂಗಮ್ಮ ಎರಡು ಮುತ್ತುಗದೆಲೆ ತಂದು, ಒಂದರಲ್ಲಿ ಮಲ್ಲಿಗೆ, ಇನ್ನೊಂದರಲ್ಲಿ ಕೆಂಪು ದಾಸವಾಳ ಇಟ್ಟು, ಒಂದೇ ಥರ ಮಡಚಿ, ಬಾಳೆನಾರಿನಲ್ಲಿ ಕಟ್ಟಿ ದೇವರ ಗೂಡಿನ ಮುಂದೆ ಇಡುತ್ತಿದ್ದಳು. ಮನೆಯ ಚಿಕ್ಕ ಮಗು ತಲೆಗೆ ನೀರು ಹಾಕಿಸಿಕೊಂಡು ಬಂದು ಒಂದನ್ನು ಎತ್ತಬೇಕು. ಬಿಳಿ ಬಂದರೆ ಆಗಬಹುದು, ಕೆಂಪು ಬಂದರೆ ಬೇಡ. ಮಗುವಿನ ಕೈಯಲ್ಲಿ ದೇವರೇ ಕೂತು ಎತ್ತಿಸುತ್ತಾನೆ ಎಂದು ಎಲ್ಲರೂ ನಂಬಿದ್ದರು. ಮಲ್ಲಿಗೆ ಬಿಡದ ಚಳಿಗಾಲದಲ್ಲಿ ಅಲ್ಲಿ ಯಾವ ತೀರ್ಮಾನವೂ ಆಗುತ್ತಿರಲಿಲ್ಲ. ಹೂವು ಬರಲಿ ಎಂದು ಮುಂದಕ್ಕೆ ಹಾಕಿ ಕೋದಂಡರಾಮಪ್ಪ ನಿಶ್ಚಿಂತೆಯಾಗಿ ಕಂಬಳಿ ಹೊದ್ದುಕೊಳ್ಳುತ್ತಿದ್ದ.

ಗಂಗು ಮೂರನೇ ವಯಸ್ಸಿಗೆ ಈ ಕೆಲಸಕ್ಕೆ ಬಂದಳು. ಆಮೇಲೆ ಹುಟ್ಟಿದ ತಮ್ಮ ಇನ್ನೂ ಕೈಗೂಸು. ಅವಳು ಎತ್ತಲು ಶುರು ಮಾಡಿದಂದಿನಿಂದ ಒಂದೇ ಒಂದು ಸಲವೂ ಕೆಂಪು ಬಂದಿರಲಿಲ್ಲ. ಕೋದಂಡರಾಮಪ್ಪನಿಗೆ ದೇವರು ಇಲ್ಲ ಅನ್ನೋದೇ ಇಲ್ಲ ಎಂದು ಊರಿನವರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಅಸಲು ವಿಷಯ ಗಂಗುವಿನ ಮೂಗಿನಲ್ಲಿತ್ತು. ಅಡ್ಡಬೀಳುವಾಗ ಅವಳ ಮುಖ ಪೊಟ್ಟಣಗಳ ಮೇಲೇ ಹೋಗುತ್ತಿತ್ತು. ಒಂದರಿಂದ ಮಲ್ಲಿಗೆ ಘಮ್ಮೆನ್ನುತ್ತಿತ್ತು, ಇನ್ನೊಂದು ಬರೀ ಎಲೆ. ಯಾವ ಮಗು ಬರೀ ಎಲೆಯನ್ನು ಎತ್ತೀತು? ಪೊಟ್ಟಣ ಕಟ್ಟುವ ಅಜ್ಜಿಯ ಮೂಗು ನಶ್ಯ ಏರಿಸಿ ಏರಿಸಿ ಎಂದೋ ಕೈಕೊಟ್ಟಿತ್ತು. ಉಳಿದವರು ಬಾಗಿಲಾಚೆ ಕೈಮುಗಿದು ನಿಂತಿರುತ್ತಿದ್ದರು.

ಗಂಗುವಿಗೆ ಇದರಲ್ಲಿ ಗುಟ್ಟೇನೂ ಕಾಣುತ್ತಿರಲಿಲ್ಲ. ಮಲ್ಲಿಗೆ ಹುಡುಕುವ ಆಟ ಎಂದೇ ತಿಳಿದಿದ್ದಳು. ಎತ್ತಿದ ಮೇಲೆ ಒಂದು ಚೂರು ಬೆಲ್ಲ ಸಿಗುತ್ತಿತ್ತು.

ಎಪ್ಪತ್ತೆಂಟನೇ ಇಸವಿಯ ಬೇಸಿಗೆ ಅದು. ನಡುಮನೆಯ ಒಂದು ಮೂಲೆಗೆ ಹುಲ್ಲು ಹಾಸಿ ಮಾವಿನಕಾಯಿ ಹಣ್ಣಿಗೆ ಹಾಕಿದ್ದರು. ಹಗಲು ರಾತ್ರಿ ಮನೆಯೆಲ್ಲ ಅದೇ ಸಿಹಿ ವಾಸನೆ. ಮಧ್ಯಾಹ್ನ ಉಂಡು ಮಲಗಿದವರಿಗೆ ಎಚ್ಚರವೋ ನಿದ್ದೆಯೋ ತಿಳಿಯದಂಥ ಮಂಪರು. ಆ ಹೊತ್ತಿನಲ್ಲಿ ಗಂಗು ತನ್ನ ಸೋದರತ್ತೆ ಶಾಮಲಳ ಪಕ್ಕ ಬೇವಿನ ನೆರಳಿನ ಮಂಚದಲ್ಲಿ ಮಲಗಿರುತ್ತಿದ್ದಳು. ತಮ್ಮ ಹುಟ್ಟಿ ಅಮ್ಮನ ಮಗ್ಗುಲು ತಪ್ಪಿದಾಗ ಅವಳನ್ನು ಎಳೆದುಕೊಂಡು ಮಲಗಿಸಿದ್ದವಳು ಈ ಶಾಮತ್ತೆಯೇ. ಜಡೆ ಹಾಕುವವಳೂ ಅವಳೇ, ಮುಳ್ಳು ಚುಚ್ಚಿದರೆ ತೆಗೆಯುವವಳೂ ಅವಳೇ. ಗಂಗುವಿಗೆ ಶಾಮತ್ತೆ ಎಂದರೆ ಪ್ರಾಣ.

ಶಾಮಲಳಿಗೆ ಇಪ್ಪತ್ತೆರಡು. ಹತ್ತನೇ ತರಗತಿ ಪಾಸಾಗಿ ಮನೆಯಲ್ಲೇ ಇದ್ದಳು. ಕೋಲಾರದಲ್ಲಿ ದಾದಿಯರ ತರಬೇತಿಗೆ ಅರ್ಜಿ ಹಾಕಿದ್ದಳು, ಬಂದು ಸೇರಿಕೋ ಎಂದು ಕಾಗದ ಬಂದಿತ್ತು. ಮಧ್ಯಾಹ್ನವಿಡೀ ಅವಳು ಗಂಗುವಿಗೆ ಹೇಳುತ್ತಿದ್ದದ್ದು ಕೋಲಾರದ್ದೇ ಮಾತು.

"ಬೆಟ್ಟದ ಮೇಲೆ ಕಲ್ಲು ಬಸವಣ್ಣನ ಬಾಯಿಂದ ನೀರು ಬೀಳ್ತಾನೇ ಇರತ್ತೆ ಕಣೇ. ಬೇಸಿಗೇಲೂ ನಿಲ್ಲಲ್ಲ."

"ಯಾರು ಹೊತ್ತು ಹಾಕ್ತಾರೆ ನೀರ?"

"ಯಾರೂ ಇಲ್ಲ. ಅದೇ ಬರತ್ತೆ. ಕೆಳಗಡೆ ಊರು. ಹಾಸ್ಟೆಲ್ಲಲ್ಲಿ ಸಾಲಾಗಿ ಮಂಚ. ಎಲ್ರೂ ಬಿಳೀ ಸೀರೆ."

ಗಂಗು ಕಣ್ಣು ಮುಚ್ಚುತ್ತಿದ್ದಳು. ಬಿಳೀ ಸೀರೆಯ ಹೆಂಗಸರು ಬೆಟ್ಟ ಹತ್ತಿ ಇಳಿಯುತ್ತಿದ್ದರು, ಯಾರ ಕಾಲೂ ನೆಲಕ್ಕೆ ತಾಕುತ್ತಿರಲಿಲ್ಲ. ಬಸವಣ್ಣ ಅವಳನ್ನು ಗುರುತು ಹಿಡಿದು ತಲೆ ಅಲ್ಲಾಡಿಸುತ್ತಿದ್ದ. ಸಾಲು ಮಂಚಗಳ ಕೊನೆಯಲ್ಲಿ ಒಂದು ಪುಟ್ಟ ಮಂಚ ಇರುತ್ತಿತ್ತು, ಅದು ಅವಳದ್ದು. ಶಾಮತ್ತೆ ಒಮ್ಮೆಯೂ ಆ ಮಂಚದ ಮಾತು ಎತ್ತಿರಲಿಲ್ಲ. ಗಂಗುವೇ ಹಾಕಿಕೊಂಡಿದ್ದಳು.

ಮನೆಯಲ್ಲಿ ಇದಕ್ಕೆ ಒಮ್ಮತವಿರಲಿಲ್ಲ. ಶಾಮಲಳ ಅಣ್ಣ, ಎಂದರೆ ಗಂಗುವಿನ ಅಪ್ಪ ಮುನಿಕೃಷ್ಣಪ್ಪ ಕಡ್ಡಿ ಮುರಿದಂತೆ ಹೇಳಿದ. "ಹೆಣ್ಣುಡ್ಗಿ ಊರೂರು ತಿರುಗೋದು ಬೇಡ. ಮನೇಲಿ ಏನ್ ಕಮ್ಮಿ ಆಗೈತೆ ಇವಳಿಗೆ?" ಅಜ್ಜಿ ಬೆಳಿಗ್ಗೆ ಹೋಗಲಿ ಅನ್ನುವಳು, ಸಂಜೆ ಬೇಡ ಅನ್ನುವಳು. ಕೋದಂಡರಾಮಪ್ಪ ಎಂದಿನಂತೆ ಗಡ್ಡ ಕೆರೆದುಕೊಂಡ. ಆಗ ಶಾಮಲಳೇ ಬಾಯಿಬಿಟ್ಟಳು.

"ಅಪ್ಪಾ, ಹೂವು ಇಡಿಸಿ. ಬಂದಂಗೆ ಆಗ್ಲಿ."

ಹೂವಿನ ಮಾತಿಗೆ ಮುನಿಕೃಷ್ಣಪ್ಪನೂ ಎದುರಾಡುವಂತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು. ಆ ಮಧ್ಯಾಹ್ನ ಶಾಮಲ ಮಂಚದಲ್ಲಿ ಮಲಗಿ ಆಕಾಶ ನೋಡುತ್ತ ಸುಮ್ಮನೆ ನಗುತ್ತಿದ್ದಳು.

"ನೀನು ಬಿಳೀದು ಎತ್ತಿಬಿಡ್ತೀಯ, ನಾನು ಕೋಲಾರಕ್ಕೆ ಹೊರಟೆ" ಎಂದಳು.

"ನಾವು ಯಾವಾಗ ಹೋಗೋದು?"

"ನಾವಲ್ಲ ಕಣೇ. ನಾನು. ಅಲ್ಲಿ ಮಕ್ಕಳನ್ನ ಸೇರಿಸ್ಕೊಳ್ಳಲ್ಲ. ಒಂದೂವರೆ ವರ್ಷ ಅಷ್ಟೇ. ಆಮೇಲೆ ಎಲ್ಲಿ ಕೆಲಸ ಹಾಕ್ತಾರೋ."

ಗಂಗು ಕಣ್ಣು ಮುಚ್ಚಿ ನೋಡಿದಳು. ಸಾಲು ಮಂಚಗಳು ಇದ್ದವು, ಕೊನೆಯ ಪುಟ್ಟದ್ದು ಇರಲಿಲ್ಲ. ಶಾಮತ್ತೆ ಬೆಟ್ಟ ಹತ್ತುತ್ತಿದ್ದಳು, ಎಷ್ಟು ಕೂಗಿದರೂ ತಿರುಗಲಿಲ್ಲ. ಪಕ್ಕದಲ್ಲಿ ಶಾಮಲ ಆಗಲೇ ನಿದ್ದೆ ಹೋಗಿದ್ದಳು. ಎಲ್ಲ ಹೇಳಿದ ಅವಳೂ ಈ ಹುಡುಗಿಯನ್ನು ನಿನಗೇನನ್ನಿಸುತ್ತೆ ಎಂದು ಕೇಳಲಿಲ್ಲ. ಪ್ರೀತಿ ಇದ್ದವರಿಗೂ ಒಮ್ಮೊಮ್ಮೆ ಇಷ್ಟು ಹೊಳೆಯುವುದಿಲ್ಲ.

ಶುಕ್ರವಾರ ಗಂಗುವಿಗೆ ತಲೆಗೆ ನೀರು ಹಾಕಿದರು. ಒದ್ದೆ ಕೂದಲು ಇಳಿಬಿಟ್ಟುಕೊಂಡು ದೇವರ ಗೂಡಿನ ಮುಂದೆ ಕೂತಳು. ಅಡ್ಡಬಿದ್ದಳು. ಬಲಗಡೆಯದು ಘಮ್ಮೆಂದಿತು. ಅವಳ ಕೈ ತಾನಾಗಿಯೇ ಅತ್ತ ಹೋಯಿತು, ಅರ್ಧದಲ್ಲಿ ನಿಂತಿತು. ಈ ಸಲ ಅದು ಆಟವಲ್ಲ ಎಂದು ಅವಳಿಗೆ ಗೊತ್ತಿತ್ತು. ಎಡಗಡೆಯ ಬರೀ ಎಲೆಯನ್ನು ಎತ್ತಿ ಅಜ್ಜಿಯ ಕೈಗೆ ಕೊಟ್ಟಳು.

ಅಜ್ಜಿ ಬಿಚ್ಚಿದಳು. ಕೆಂಪು.

"ಅಯ್ಯೋ ದೇವುಡಾ" ಎಂದಳು ಅಜ್ಜಿ. ಮುನಿಕೃಷ್ಣಪ್ಪ ಹೆಗಲ ಟವಲ್ಲು ಕೊಡವಿಕೊಂಡು ತೋಪಿಗೆ ಹೊರಟ. ಕೋದಂಡರಾಮಪ್ಪ, "ಆಯ್ತು, ದೇವ್ರು ಹೇಳಿದ ಮೇಲೆ ಮುಗೀತು" ಎಂದ. ಶಾಮಲ ಬಾಗಿಲ ಚೌಕಟ್ಟು ಹಿಡಿದು ಗಂಗುವನ್ನೇ ನೋಡುತ್ತಿದ್ದಳು. ಒಳಗೆ ಹೋಗಿ ಒಲೆಗೆ ಪುರುಳೆ ಕಡ್ಡಿ ಒಟ್ಟಿದಳು.

ಗಂಗುವಿಗೆ ಅವತ್ತು ಹಬ್ಬ. ಬೆಲ್ಲ ಚೀಪುತ್ತ ತೋಪೆಲ್ಲ ಕುಣಿದು ಬಂದಳು. ಮಧ್ಯಾಹ್ನ ಮಂಚಕ್ಕೆ ಓಡಿ ಬಂದು ಅತ್ತೆಯ ಪಕ್ಕ ಮಲಗಿ, "ಕೋಲಾರದ್ದು ಹೇಳು" ಎಂದಳು.

"ಯಾವ ಕೋಲಾರ?"

"ಅದೇ, ಬಸವಣ್ಣನ ಬಾಯಿಂದ ನೀರು ಬೀಳತ್ತಲ್ಲ."

"ನಂಗೊತ್ತಿಲ್ಲ ಕಣೇ. ಮಲಕ್ಕೋ."

ಮಾರನೇ ದಿನವೂ ಅಷ್ಟೇ, ಅದರಾಚೆ ದಿನವೂ ಅಷ್ಟೇ. ಶಾಮತ್ತೆ ಜಡೆ ಹಾಕಿದಳು, ಊಟಕ್ಕೆ ಹಾಕಿದಳು, ಪಕ್ಕದಲ್ಲೇ ಮಲಗಿದಳು, ಆದರೆ ಮುಖ ಆ ಕಡೆ ತಿರುಗಿಸಿ. ಗಂಗು ಕಣ್ಣು ಮುಚ್ಚಿದರೆ ಬೆಟ್ಟವಿರಲಿಲ್ಲ, ಬಿಳೀ ಸೀರೆಯವರು ಇರಲಿಲ್ಲ, ಕತ್ತಲೆ ಮಾತ್ರ ಇತ್ತು. ಹಣ್ಣಿನ ವಾಸನೆ ಮೂಗಿಗೆ ಅಡರಿ ತಲೆನೋವು ಬಂತು. ಉಳಿಸಿಕೊಂಡದ್ದು ಶಾಮತ್ತೆಯನ್ನೇ, ಆದರೂ ಇಲ್ಲಿ ಉಳಿದವಳು ಬೇರೆ ಯಾರೋ ಎಂದು ಅವಳಿಗೆ ಅನ್ನಿಸತೊಡಗಿತು. ತಾನು ಮಾಡಿದ್ದು ತಪ್ಪು ಎಂದು ಹೇಳಿಕೊಡಲು ಯಾರೂ ಬೇಕಾಗಲಿಲ್ಲ.

ನಾಲ್ಕನೇ ದಿನ ಎಲ್ಲರೂ ನಡುಮನೆಯಲ್ಲಿ ಕೂತು ಹಣ್ಣು ಬೇರೆ ಮಾಡುತ್ತಿದ್ದರು. ಗಂಗು ಹುಲ್ಲು ತುಳಿದುಕೊಂಡು ಹೋಗಿ ತಾತನ ಮುಂದೆ ನಿಂತಳು.

"ತಾತಾ, ಕೆಂಪು ಎತ್ತಿದ್ದು ದೇವ್ರಲ್ಲ. ನಾನು."

"ಏನಮ್ಮಾ ಅಂಗಂದ್ರೆ?"

"ಮಲ್ಲಿಗೆ ವಾಸನೆ ಬರತ್ತಲ್ಲ. ಮೂಸಿದ್ರೆ ಗೊತ್ತಾಗತ್ತೆ. ಅತ್ತೆ ಹೋಗಬಾರ್ದು ಅಂತ ಇನ್ನೊಂದು ಎತ್ತಿದೆ."

ಮುನಿಕೃಷ್ಣಪ್ಪ ಕೈಯಲ್ಲಿದ್ದ ಹಣ್ಣನ್ನು ಬುಟ್ಟಿಗೆ ಎಸೆದ. "ಸುಮ್ಕಿರೇ! ದೊಡ್ಡೋರ ಮಧ್ಯೆ ಏನ್ ನಿಂದು? ಮಕ್ಕಳ ಮಾತು ಕಟ್ಟಿಕೊಂಡು ಮನೆ ನಡೆಸಕ್ಕಾಗತ್ತಾ?"

ಮೂರು ವರ್ಷದಿಂದ ಆ ಮನೆ ನಡೆದದ್ದು ಹೇಗೆ ಎಂದು ಅವನನ್ನು ಕೇಳುವವರು ಯಾರೂ ಇರಲಿಲ್ಲ. ಆದರೆ ದೊಡ್ಡಗಂಗಮ್ಮ ಎದ್ದಳು. ಎರಡು ಪೊಟ್ಟಣ ಕಟ್ಟಿ ತಂದಳು. ಮೊಮ್ಮಗಳ ಕಣ್ಣಿಗೆ ಒಂದು ಟವಲ್ಲು ಸುತ್ತಿ, ಪೊಟ್ಟಣಗಳನ್ನು ಬೆನ್ನ ಹಿಂದೆ ಅದಲುಬದಲು ಮಾಡಿ ಮುಂದೆ ಹಿಡಿದಳು. ಗಂಗು ಮೂಸಿದಳು, ಮಲ್ಲಿಗೆ ಎತ್ತಿದಳು. ಮತ್ತೊಂದು ಸಲ, ಮಲ್ಲಿಗೆ. ಮೂರನೇ ಸಲವೂ ಮಲ್ಲಿಗೆಯೇ.

ಅಜ್ಜಿ ಹುಲ್ಲಿನ ಮೇಲೆ ಕುಸಿದು ಕೂತಳು. "ಬಾವಿ?" ಎಂದಳು. "ಹಸು? ಹುಣಸೆಮರ?"

"ಎಲ್ಲಾ ಮೂಸೇ ಎತ್ತಿದ್ದು" ಎಂದಳು ಗಂಗು.

ಆಗ ಶಾಮಲ ತಲೆ ಎತ್ತದೆ ಹೇಳಿದಳು. "ಚಿಕ್ಕೋಳಿದ್ದಾಗ ನಾನೂ ಮೂಸೇ ಎತ್ತುತಿದ್ದೆ ಅಪ್ಪ. ಅದಕ್ಕೇ ಹೂವಿಡಿಸಿ ಅಂದಿದ್ದು. ಬಿಳೀದೇ ಬರತ್ತೆ ಅಂತ ಗೊತ್ತಿತ್ತು."

ಕೋದಂಡರಾಮಪ್ಪನ ಮುಖ ನೋಡಿದರೆ ಪಾಪ ಅನ್ನಿಸುವಂತಿತ್ತು. ಅರವತ್ತು ದಾಟಿದ ಗಂಡಸು, ತೋಪಿನ ಯಜಮಾನ, ತನ್ನ ಮನೆಯ ಒಂದು ಗಟ್ಟಿ ತೀರ್ಮಾನವನ್ನೂ ತಾನು ತೆಗೆದುಕೊಂಡಿದ್ದಿಲ್ಲ ಎಂದು ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತು. ಒಳ್ಳೆಯದಾದರೆ ದೇವರದ್ದು, ಕೆಟ್ಟರೂ ದೇವರದ್ದು ಎಂದು ಒಂದು ಸಣ್ಣ ಕೈಯ ಹಿಂದೆ ಅವಿತುಕೊಂಡಿದ್ದ. ಆ ಕೈ ಈಗ ಸರಿದು ನಿಂತಿತ್ತು. ಹೆದರಿಕೆಯಾಯಿತು ಅವನಿಗೆ.

ಅವನು ಮಗಳ ಕಡೆ ತಿರುಗಿದ.

"ನೀನೇನಂತೀಯಮ್ಮ ಶಾಮಲಾ?"

ಇಪ್ಪತ್ತೆರಡು ವರ್ಷದಲ್ಲಿ ಆ ಪ್ರಶ್ನೆ ಅವಳಿಗೆ ಅದೇ ಮೊದಲು. ಕೈಯಲ್ಲಿದ್ದ ಮಾವಿನಹಣ್ಣನ್ನು ಕೆಳಗಿಟ್ಟಳು, ಕೈ ಸೀರೆಗೆ ಒರೆಸಿಕೊಂಡಳು.

"ಹೋಗ್ತೀನಿ" ಎಂದಳು.

ಮುನಿಕೃಷ್ಣಪ್ಪ ಏನೋ ಹೇಳಲು ಹೊರಟ. "ನಿಲ್ಲೋ" ಎಂದು ಕೋದಂಡರಾಮಪ್ಪ ಕೈ ಅಡ್ಡ ಹಿಡಿದ. ಆಮೇಲೆ ಅವನ ಕಣ್ಣು ಮೊಮ್ಮಗಳ ಮೇಲೆ ಬಿತ್ತು. ಅವಳು ಕಣ್ಣಿನ ಟವಲ್ಲನ್ನು ಕೊರಳಿಗೆ ಇಳಿಸಿಕೊಂಡು ನಿಂತೇ ಇದ್ದಳು.

"ನೀನು ಹೇಳಮ್ಮ. ಹೂವು ಗೀವು ಬೇಡ. ನಿನ್ನ ಮನಸ್ಸಲ್ಲಿ ಏನೈತೆ?"

ಗಂಗು ಅತ್ತೆಯನ್ನು ನೋಡಿದಳು. ಒಳ್ಳೆಯ ಹುಡುಗಿಯ ಹಾಗೆ ಹೋಗಲಿ ಎನ್ನಬೇಕೆಂದು ಅವಳಿಗೂ ಆಸೆಯಿತ್ತು. ಆದರೆ ತಾತ ಕೇಳಿದ್ದು ಮನಸ್ಸಲ್ಲಿ ಇದ್ದದ್ದನ್ನು.

"ಹೋಗ್ಬೇಡ ಅತ್ತೆ" ಎಂದಳು. ಎಂದವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಶಾಮಲ ಹುಲ್ಲಿನ ಮೇಲೆಯೇ ಸರಿದು ಬಂದು ಅವಳನ್ನು ತೊಡೆಗೆ ಎಳೆದುಕೊಂಡಳು. ಅವಳ ಕಣ್ಣಲ್ಲೂ ನೀರು ಹರಿಯುತ್ತಿತ್ತು.

"ಕೇಳಿಸ್ಕೊಂಡೆ ಕಣೇ, ನನ್ನ ತಾಯಿ" ಎಂದಳು. "ಕೇಳಿಸ್ಕೊಂಡೆ. ಆದ್ರೂ ಹೋಗ್ತೀನಿ."

ಗಂಗು ಇನ್ನೂ ಜೋರಾಗಿ ಅತ್ತಳು. ಅವಳ ಅಪ್ಪನೂ ಈ ಸಲ ಸುಮ್ಮನಿರು ಎನ್ನಲಿಲ್ಲ. ಅತ್ತು ಅತ್ತು ಸಾಕಾಗಿ ಅವಳು ಅತ್ತೆಯ ತೊಡೆಯ ಮೇಲೆಯೇ ನಿದ್ದೆ ಹೋದಳು. ಕಾಲು ಜೋಮು ಹಿಡಿದರೂ ಶಾಮಲ ಸಂಜೆಯ ತನಕ ಅಲ್ಲಿಂದ ಅಲುಗಲಿಲ್ಲ.