ಅವ್ವನ ಲೋಟ

"ಇದು ಮನೇನೇನ್ರೀ, ಇಲ್ಲ ಪಾತ್ರೆ ಅಂಗಡೀನಾ?"

ನಮ್ಮ ಕಾಲ್ ಸೆಂಟರಿನ ಮೇಲ್ವಿಚಾರಕ ಫ್ಯಾಮಿಲಿ ಸರ್ ನನ್ನ ಕರೆಯೊಂದರ ರೆಕಾರ್ಡಿಂಗನ್ನು ಮೀಟಿಂಗಿನಲ್ಲಿ ಎಲ್ಲರೆದುರೇ ಹಾಕಿದ್ದರು. ಫ್ರಿಜ್ಜು ಕೆಟ್ಟಿತೆಂದು ಯಾವನೋ ಗಿರಾಕಿ ಬೈಯುತ್ತಿದ್ದ, ನಾನು "ಕ್ಷಮಿಸಿ ಸರ್, ದಯವಿಟ್ಟು ಲೈನಿನಲ್ಲಿರಿ" ಅನ್ನುತ್ತಿದ್ದೆ, ಹಿಂದಿನಿಂದ ಟಣ್, ಟಣ್, ಟಣ್. ಮೊಬೈಲಿನ ಪರದೆ ತುಂಬ ಪುಟ್ಟ ಪುಟ್ಟ ಚೌಕಗಳು, ಅದರಲ್ಲಿ ನನ್ನ ಹಾಗೆಯೇ ಮನೆಯಲ್ಲಿ ಕೂತ ಮೂವತ್ತು ಹೆಂಗಸರು. ಯಾರೋ ಕಿಸಕ್ಕನೆ ನಕ್ಕರು.

"ಇನ್ನೊಂದ್ಸಲ ಕೇಳಿ ಎಲ್ರೂ. ಗಿರಾಕಿ ಏನಂದ್ಕೋತಾನೆ? ಯಾವ್ದೋ ಕೊಂಪೇಲಿ ಕೂತು ಮಾತಾಡ್ತಿದಾಳೆ ಅಂತ ತಾನೇ?"

"ನಮ್ಮವ್ವ ಸರ್. ಲಕ್ವ ಹೊಡ್ದಿದೆ, ಮಾತು ಬರಲ್ಲ. ಲೋಟ ಬಡ್ದೇ ಕರೀಬೇಕು. ಸೇರೋವಾಗ್ಲೇ ಹೇಳಿದ್ದೆ."

"ಹೇಳಿದ್ರಿ. ಅದಕ್ಕೆ ನಾನೇನ್ ಕುಣೀಲಾ? ಇನ್ನೊಂದ್ಸಲ ಟಣ್ ಅಂದ್ರೆ ನಾಳೆಯಿಂದ ಬರ್ಬೇಡಿ, ಅಷ್ಟೆ."

ಬರಬೇಡಿ ಅಂದರೆ ಎಲ್ಲಿಗೆ? ನಾನು ಕೂತಿದ್ದು ನನ್ನ ಮನೆಯಲ್ಲೇ. ಆ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಅವ್ವ ಬಿದ್ದ ಮೇಲೆ ನಾನು ಹೊಲಿಗೆ ಕಾರ್ಖಾನೆ ಬಿಟ್ಟಿದ್ದೆ. ಆಗ ಫೋನಿನಲ್ಲಿ ಈ ಕೆಲಸ ಕೊಟ್ಟವರು ಇದೇ ಸರ್. "ದಿನಕ್ಕೆ ನಾಲ್ಕೇ ಗಂಟೆ ಕಣಮ್ಮ. ತಾಯಿ ಪಕ್ಕದಲ್ಲೇ ಕೂತ್ಕೊಂಡು ಮಾಡು. ನಾವೆಲ್ಲ ಒಂದೇ ಫ್ಯಾಮಿಲಿ," ಅಂದಿದ್ದರು. ನಾನು ಅತ್ತುಬಿಟ್ಟಿದ್ದೆ. ಈಗ ನಾವು ಹೆಂಗಸರೆಲ್ಲ ಆ ಮಾತನ್ನೇ ಅವರಿಗೆ ಹೆಸರಿಟ್ಟು ಬೆನ್ನ ಹಿಂದೆ ಆಡಿಕೊಳ್ಳುತ್ತೇವೆ. ನಾಲಿಗೆ ಬೆಲ್ಲ, ಕರುಳು ಕತ್ತರಿ.

ಅವ್ವನ ಬಲಗೈ ಒಂದು ಉಳಿದಿತ್ತು. ಸ್ಟೀಲ್ ಲೋಟವನ್ನು ಮಂಚದ ಕಬ್ಬಿಣಕ್ಕೆ ಒಂದು ಸಲ ಬಡಿದರೆ ನೀರು. ಎರಡು ಸಲ ಬಡಿದರೆ ಒಂದಕ್ಕೆ ಹೋಗಬೇಕು. ಮೂರು ಸಲ ಬಡಿದರೆ ಮಗ್ಗುಲು ಬದಲಿಸಬೇಕು. ಇರುವುದೊಂದೇ ಕೋಣೆ. ನನ್ನ ಬೆನ್ನ ಹಿಂದೆ ಬಿಳಿ ದುಪ್ಪಟಿ ಕಟ್ಟಿರಬೇಕೆಂದು ಅವರ ಕಟ್ಟಳೆ, ಆ ದುಪ್ಪಟಿಯ ಹಿಂದೆ ಅವ್ವನ ಮಂಚ. ಕೆಲಸದ ಹೊತ್ತಿನಲ್ಲಿ ತಿರುಗಿ ನೋಡಿದರೆ ಕ್ಯಾಮೆರಾ ಅದನ್ನೂ ಬರೆದುಕೊಳ್ಳುತ್ತಿತ್ತು.

ಮೀಟಿಂಗು ಮುಗಿದದ್ದೇ ನಾನು ಮಂಚದ ಕಬ್ಬಿಣಕ್ಕೆ ಹಳೇ ಸೀರೆ ಸುತ್ತಿದೆ. ಅವ್ವ ಗೋಡೆಗೆ ಬಡಿದಳು. ಗೋಡೆಗೆ ದಿಂಬು ಒತ್ತಿಟ್ಟೆ. ನೀರಿನ ಚೊಂಬಿಗೆ ಬಡಿದಳು. ಇಪ್ಪತ್ತು ವರ್ಷ ಕಂಡವರ ಮಹಡಿ ಒರೆಸಿ ನನ್ನನ್ನು ಸಾಕಿದವಳು, ಅಷ್ಟು ಸುಲಭಕ್ಕೆ ಸೋಲುವ ಪೈಕಿಯಲ್ಲ.

ಮೀಟಿಂಗಿನ ಮಾರನೆಯ ದಿನ ಲೋಟವನ್ನೇ ಕಿತ್ತುಕೊಂಡೆ. "ನಾಲ್ಕೇ ಗಂಟೆ ಕಣವ್ವ, ತಡ್ಕೋ." ಅವಳು ಬಿಡಲಿಲ್ಲ. ಒಂದೊಂದೇ ಬೆರಳು ಬಿಡಿಸಿದೆ. ಕಿರುಬೆರಳು ಕೊನೆಗೆ ಬಿಟ್ಟಿತು. ಲೋಟವನ್ನು ಅಡುಗೆ ಕಟ್ಟೆಯ ಮೇಲೆ, ಅವಳಿಗೆ ಕಾಣುವಲ್ಲೇ ಇಟ್ಟೆ. ಅದೇನು ಬುದ್ಧಿಯೋ ನನ್ನದು.

ಮೂರು ವಾರ ಮನೆ ಸ್ಮಶಾನದಷ್ಟು ತೆಪ್ಪಗಿತ್ತು. ಸಂಜೆ ಹಿಂತಿರುಗಿಸಿದರೂ ಅವ್ವ ಲೋಟ ಮುಟ್ಟುತ್ತಿರಲಿಲ್ಲ. ನಾನೂ ನಾಲ್ಕು ಗಂಟೆ ಒಂದೇ ಸಮ ಮಾತಾಡಿ ದಣಿದು, ಕತ್ತಲಲ್ಲೇ ಅವಳ ಬಟ್ಟೆ ಬದಲಿಸಿ ಬಿದ್ದುಕೊಳ್ಳುತ್ತಿದ್ದೆ.

ಕಂಡವಳು ಪಕ್ಕದ ಮನೆಯ ಇಸ್ತ್ರಿ ಅಕ್ಕ. ಭಾನುವಾರ ಅವ್ವನ ಮೈ ತೊಳೆಯಲು ಕೈ ಕೊಡಲು ಬಂದವಳು ಮಗ್ಗುಲು ತಿರುಗಿಸಿ ಹಾಗೆಯೇ ನಿಂತಳು. ಅವ್ವನ ಸೊಂಟದ ಮೇಲೆ ಅಂಗೈಯಗಲ ಹುಣ್ಣು, ನಡುವೆ ಕರ್ರಗಾಗಿ ಕೀವು ತುಂಬಿತ್ತು.

"ಥೂ, ನಿನ್ ಜನ್ಮಕ್ಕಿಷ್ಟು! ಹೆತ್ತೋಳೇನೇ ಇವ್ಳು, ಇಲ್ಲ ಹರ್ದೋದ ಚಾಪೇನಾ? ಲೋಟ ಬಡೀಲಿಲ್ವಾ?"

"ಕಿತ್ಕೊಂಡಿದ್ದೆ ಅಕ್ಕ."

"ಯಾವ ಬೇವರ್ಸಿ ಹೇಳ್ದ ಕಿತ್ಕೋ ಅಂತ?"

ಫ್ಯಾಮಿಲಿ ಸರ್ ಕಿತ್ತುಕೋ ಅಂದಿರಲೇ ಇಲ್ಲ. ಕಿತ್ತುಕೊಂಡದ್ದು ನನ್ನ ಕೈ.

ಸೋಮವಾರ ಫ್ಯಾಮಿಲಿ ಸರ್ ಜೇನಿನಂಥ ದನಿಯಲ್ಲಿ ಫೋನು ಮಾಡಿದರು. "ಶಭಾಷ್ ಕಣಮ್ಮ! ಮೂರು ವಾರ ಒಂದ್ ಸದ್ದಿಲ್ಲ. ಇವತ್ತು ಮಧ್ಯಾಹ್ನ ಮೇಲಿನೋರು ಮೀಟಿಂಗ್‌ಗೆ ಬರ್ತಿದಾರೆ. ತಾಯೀನೂ ನೋಡ್ಕೊಂಡು ಕೆಲಸಾನೂ ಮಾಡೋ ಮಗಳು ಅಂತ ನಿನ್ನೇ ತೋರಿಸ್ತೀನಿ. ದುಪ್ಪಟಿ ಸರಿಸಿ ಅಮ್ಮನ್ನ ತೋರ್ಸು. ಒಳ್ಳೇ ಸೀರೆ ಉಡ್ಸು. ಸದ್ದು ಮಾತ್ರ ಬೇಡ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವುದು ಅವರ ಲೆಕ್ಕ. ನಾನು ಸೀರೆ ಉಡಿಸಲಿಲ್ಲ.

ಮಧ್ಯಾಹ್ನ ಪರದೆಯ ಮೇಲೆ ಮೂವತ್ತು ಚೌಕಗಳ ಜೊತೆ ಹೊಸ ಮುಖಗಳು ಐದು. ಅದರಲ್ಲಿದ್ದ ಕನ್ನಡಕದ ಹೆಂಗಸು ಕೇಳಿದಳು, "ನಿಮ್ ತಾಯಿ ಎಲ್ಲಿ? ನಾವು ನೋಡ್ಬಹುದಾ?"

ದುಪ್ಪಟಿ ಕಿತ್ತು ಲೋಟವನ್ನು ಅವ್ವನ ಕೈಗಿಟ್ಟೆ. ಅವಳು ಹಿಡಿಯಲಿಲ್ಲ. ನನ್ನನ್ನೇ ನೋಡಿದಳು. ಹೆತ್ತವಳು ಮಗಳಿಗೆ ಹೆದರಿದ್ದಳು.

"ಕಿತ್ಕೊಳಲ್ಲ ಕಣವ್ವ, ನಿನ್ನಾಣೆ. ಏನ್ ಬೇಕೋ ಬಡಿ."

ಎಷ್ಟೋ ಹೊತ್ತಿನ ಮೇಲೆ ಕಿರುಬೆರಳು ಮಡಚಿಕೊಂಡಿತು. ಕಬ್ಬಿಣದ ಸೀರೆ ನಾನು ಆಗಲೇ ಬಿಚ್ಚಿದ್ದೆ. ಟಣ್. ಟಣ್. ಟಣ್.

"ಏನದು ಸದ್ದು?" ಅಂದಳು ಕನ್ನಡಕದವಳು.

"ಮಗ್ಗುಲು ಬದಲಿಸ್ಬೇಕಂತೆ ಮೇಡಂ. ತೋರಿಸ್ಲಾ ಅವ್ವ, ಇವ್ರಿಗೆ?"

ಟಣ್, ಟಣ್, ಟಣ್. ಈ ಸಲ ಜೋರಾಗಿ.

"ಏಯ್, ಮೈಕ್ ಆಫ್ ಮಾಡೇ! ಲೈನ್ ತೊಂದ್ರೆ ಮೇಡಂ, ಇವ್ಳ ಮನೇದು," ಎಂದು ಫ್ಯಾಮಿಲಿ ಸರ್ ಅರಚಿಕೊಂಡರು. ಅವರೇ ಬಟನ್ ಒತ್ತಿರಬೇಕು, ನನ್ನ ಚೌಕದ ಮೂಲೆಯಲ್ಲಿ ಮೈಕಿನ ಗುರುತಿನ ಮೇಲೆ ಕೆಂಪು ಗೆರೆ ಬಿತ್ತು. ಇನ್ನು ನನ್ನ ಮಾತು ಅವರಿಗೆ ಕೇಳದು. ಆದರೂ ಬಾಯಿಗೆ ರೂಢಿಯಾದ ಮಾತು ಬಂತು.

"ದಯವಿಟ್ಟು ಲೈನಿನಲ್ಲಿರಿ."

ಅವ್ವನನ್ನು ಎತ್ತಿ ಮಗ್ಗುಲು ತಿರುಗಿಸಿದೆ, ಹುಣ್ಣಿನ ಬಟ್ಟೆ ಬಿಚ್ಚಿದೆ, ಮೊಬೈಲನ್ನು ಅಲ್ಲಿಗೇ ಹಿಡಿದೆ. ಪರದೆಯ ಮೇಲೆ ಒಂದೊಂದೇ ಮುಖ ಹಿಂದಕ್ಕೆ ಸರಿಯಿತು. ಕನ್ನಡಕದವಳು ಬಾಯಿಗೆ ಕೈ ಅಡ್ಡ ಹಿಡಿದಳು. ಫ್ಯಾಮಿಲಿ ಸರ್ ತುಟಿ ಆಡಿಸುತ್ತಲೇ ಇದ್ದರು. ಏನು ಬೈಯುತ್ತಿದ್ದರೋ, ಲೋಟದ ಸದ್ದಿನಲ್ಲಿ ನನಗೊಂದೂ ಕೇಳಿಸಲಿಲ್ಲ. ಅವ್ವ ನಿಲ್ಲಿಸಿರಲಿಲ್ಲ.